ತೂಬಾ ಬಾರಿಸಿದ್ದು

ರಸೆಲ್ ಮಾರ್ಕೆಟ್ಟಿನ ಹಿಂದೆ ಹೋಗಿ, ಡ್ರಮ್ ಹುಡುಗಿಯ ಮನೆ ಯಾವುದು ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಕೋಳಿ ಅಂಗಡಿ ದಾಟಿ, ಟ್ರಂಕು ಮಾಡುವವನ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಬೇಕು. ಹತ್ತುವಾಗ ತಲೆ ತಗ್ಗಿಸದಿದ್ದರೆ ಕಬ್ಬಿಣದ ತೊಲೆ ಹಣೆಗೆ ಬಡಿಯುತ್ತದೆ, ಬಡಿಸಿಕೊಂಡವರಲ್ಲಿ ಟಿ.ವಿ.ಯವರೂ ಇದ್ದಾರೆ. ಹುಡುಗಿಯ ಹೆಸರು ತೂಬಾ. ಈಗ ಹದಿಮೂರು ತುಂಬಿದೆ. ಮನೆಯಲ್ಲಿ ಈಗ ಡ್ರಮ್ ಇಲ್ಲ, ಹುಡುಗಿ ಯಾರ ಹತ್ತಿರವೂ ಅದರ ಸುದ್ದಿ ಎತ್ತುವುದಿಲ್ಲ. ಯಾಕೆ ಎಂದು ಕೇಳಿದರೆ ಗಲ್ಲಿಯವರು ಓದಿನ ಒತ್ತಡ ಅನ್ನುತ್ತಾರೆ. ಓದಿನ ಒತ್ತಡವಂತೆ! ಆ ಮನೆಯಿಂದ ಹೊರಬಿದ್ದ ಸುಳ್ಳುಗಳಲ್ಲಿ ಇದೇ ತೀರಾ ಚಿಕ್ಕದು.

ಅವಳ ಅಪ್ಪ ಮಂಜೂರ್ ಮದುವೆ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುವವನು. ಮೂವತ್ತು ವರ್ಷ ವರನ ಕುದುರೆಯ ಮುಂದೆ ನಡೆದವನು. ಮೈಮೇಲೆ ಕೆಂಪು ಕೋಟು, ಭುಜದಲ್ಲಿ ಜರಿಯ ಕುಚ್ಚು, ಕಾಲಿಗೆ ಮಾತ್ರ ಹವಾಯಿ ಚಪ್ಪಲಿ. ಬೆನ್ಸನ್ ಟೌನಿನ ಬಂಗಲೆಯ ಮದುವೆಗೂ ಅದೇ ಕೋಟು, ಕೆ.ಆರ್. ಪುರದ ಶಾಮಿಯಾನದ ಮದುವೆಗೂ ಅದೇ ಕೋಟು. ಆ ಮದುವೆಗಳ ವಿಡಿಯೋ ತೆಗೆದು ನೋಡಿದರೆ ವರ ಕಾಣುತ್ತಾನೆ, ಕುದುರೆ ಕಾಣುತ್ತದೆ, ಕುಣಿದು ಕುಣಿದು ಬೆವತ ಭಾವಮೈದುನರೆಲ್ಲ ಕಾಣುತ್ತಾರೆ. ಮಂಜೂರನ ಮೊಣಕೈ ಕಂಡರೆ ಹೆಚ್ಚು. ಆದರೆ ಕೈ ಮಾತ್ರ ಎಂಥ ಕೈ! ಶಿವಾಜಿನಗರದ ಬ್ಯಾಂಡಿನವರನ್ನು ಕೇಳಿ, ಮಂಜೂರ್ ಜೊತೆಗಿದ್ದರೆ ಕಾಲು ತಾನೇ ನಡೆಯುತ್ತದೆ ಅನ್ನುತ್ತಾರೆ.

ಕೊರೊನಾ ಬಂದು ಮದುವೆಗಳು ನಿಂತವು. ಕೋಟು ಮೊಳೆಗೆ ನೇತುಬಿತ್ತು. ಮಂಜೂರ್ ಮನೆಯಲ್ಲಿ ಕೂತು ಕೂತು, ಹೆಂಡತಿ ಫಹ್ಮಿದಾಳ ಅಡುಗೆಗೆ ಹೆಸರಿಟ್ಟು, ಮಗ ಸೈಫನ ಮೇಲೆ ರೇಗಿ, ಕೊನೆಗೆ ಬೇಸರ ತಡೆಯಲಾರದೆ ಎಂಟು ವರ್ಷದ ಮಗಳ ಕೈಗೆ ಎರಡು ಕಡ್ಡಿ ಕೊಟ್ಟ. ಮುಂದೆ ಬಣ್ಣದ ಬಕೆಟ್ಟು ಬೋರಲು ಹಾಕಿದ. ತಾನು ನೆಲದ ಮೇಲೆ ಬಾರಿಸಿದ್ದನ್ನು ಅವಳು ಬಕೆಟ್ಟಿನ ಮೇಲೆ ಬಾರಿಸಬೇಕು. ಮೊದಲ ದಿನ ಆಟ. ನಾಲ್ಕನೇ ದಿನ ಮಂಜೂರ್ ಬಾರಿಸುವುದನ್ನು ನಿಲ್ಲಿಸಿ ಅವಳ ಮಣಿಕಟ್ಟನ್ನೇ ನೋಡುತ್ತ ಕೂತ. ಅಡುಗೆ ಮನೆಯಿಂದ ಹೆಂಡತಿಯನ್ನು ಕರೆದು, ಇವಳ ಕೈ ನೋಡೇ, ನನ್ನಪ್ಪನ ಕೈ ಇದು, ನನ್ನನ್ನು ದಾಟಿ ಇವಳಿಗೆ ಹೋಗಿದೆ ಅಂದ. ತೂಬಾಗೆ ಆ ಮಾತು ಅರ್ಥವಾಗಲಿಲ್ಲ. ಅಬ್ಬಾ ಖುಷಿಯಾಗಿದ್ದಾನೆ ಎಂಬುದಷ್ಟೇ ಅರ್ಥವಾಯಿತು. ಆ ಖುಷಿಗಾಗಿ ಅವಳು ಬೆರಳಿನ ಚರ್ಮ ಸುಲಿಯುವವರೆಗೂ ಬಾರಿಸಿದಳು.

ಅಣ್ಣ ಸೈಫ್ ಅವಳಿಗಿಂತ ಎಂಟು ವರ್ಷ ದೊಡ್ಡವನು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮೊಬೈಲಿಗೆ ಕವರು, ಗ್ಲಾಸು ಹಾಕುವ ಅಂಗಡಿಯಲ್ಲಿ ಕೆಲಸ. ಮದುವೆಗಳು ಮತ್ತೆ ಶುರುವಾದ ಮೇಲೆ ಒಂದು ಭಾನುವಾರ, ಟೆರೇಸಿನಲ್ಲಿ ತೂಬಾ ಅಪ್ಪನ ಸೈಡ್ ಡ್ರಮ್ ಇಟ್ಟುಕೊಂಡು ಒಂದು ಹಳೇ ಹಿಂದಿ ಹಾಡಿಗೆ ಬಾರಿಸುವುದನ್ನು ಸೈಫ್ ಫೋನಿನಲ್ಲಿ ಹಿಡಿದು ಚಾನೆಲ್ ಒಂದನ್ನು ತೆರೆದು ಹಾಕಿದ. ಹಿಂದೆ ಒಗೆದ ಬಟ್ಟೆ ಹಾರಾಡುತ್ತಿತ್ತು, ನಡುವೆ ಒಂದು ಕಾಗೆ ಕೂಗಿತು. ನಲವತ್ತೊಂದು ಸಲ ಅದನ್ನು ನೋಡಲಾಗಿತ್ತು. ಅದರಲ್ಲಿ ಹತ್ತು ಸಲ ಫಹ್ಮಿದಾಳೇ.

ಎರಡನೆಯದಕ್ಕೆ ಸೈಫ್ ಸುಮ್ಮನಿರಲಿಲ್ಲ. ದೊಮ್ಮಲೂರಿನಲ್ಲಿ ಗಂಟೆಯ ಲೆಕ್ಕಕ್ಕೆ ಕೊಡುವ ಒಂದು ರೆಕಾರ್ಡಿಂಗ್ ರೂಮು ಹುಡುಕಿದ. ಪೂರ್ತಿ ಡ್ರಮ್ ಸೆಟ್ಟು, ನಾಲ್ಕು ಕಡೆ ಮೈಕು, ಗೋಡೆಗೆಲ್ಲ ಸ್ಪಂಜು. ಜನರನ್ನು ಕುಣಿಸುವ ಒಂದು ತಮಿಳಿನ ಕುತ್ತು ಹಾಡು ತೆಗೆದುಕೊಂಡರು. ಯಾವ ಪೆಟ್ಟು ಎಲ್ಲಿ ಎಂದು ಮಂಜೂರ್ ಒಂದೊಂದಾಗಿ ಕೂಡಿಸಿ ಮೂರು ವಾರ ಕಲಿಸಿದ. ತೂಬಾ ಎರಡು ಜಡೆ ಹಾಕಿಕೊಂಡು, ಹಳದಿ ಸಲ್ವಾರ್ ತೊಟ್ಟು, ಕಾಲು ಪೆಡಲ್ಲಿಗೆ ಸಾಲದೆ ಸ್ಟೂಲಿನ ತುದಿಗೆ ಕೂತು ಬಾರಿಸಿದಳು. ಶುಕ್ರವಾರ ವಿಡಿಯೋ ಹಾಕಿದರು. ಭಾನುವಾರದ ಹೊತ್ತಿಗೆ ಅದನ್ನು ಆರು ಲಕ್ಷ ಜನ ನೋಡಿದ್ದರು.

ಅಲ್ಲಿಂದ ಮುಂದಿನದನ್ನು ಏನೆಂದು ಹೇಳುವುದು! ಹಲಸೂರಿನ ಆಟೋದವನು ಅವಳನ್ನು ಗುರುತು ಹಿಡಿದು ಸೆಲ್ಫಿ ಕೇಳಿದ. ಶಾಲೆಯಲ್ಲಿ ಹೆಡ್ ಮಿಸ್ ಪ್ರೇಯರಿನಲ್ಲಿ ಮುಂದಕ್ಕೆ ಕರೆದು ಚಪ್ಪಾಳೆ ಹೊಡೆಸಿದರು. ಯಾವತ್ತೂ ಮಾತಾಡಿಸದ ಫ್ರೇಜರ್ ಟೌನಿನ ದೊಡ್ಡಮ್ಮ ಶಾವಿಗೆ ಡಬ್ಬಿ ಹಿಡಿದು ಬಂದಳು. ಇಂದಿರಾನಗರದಲ್ಲಿ ಆಫೀಸು ಇಟ್ಟುಕೊಂಡು ಇಂಥ ಮಕ್ಕಳ ಚಾನೆಲ್ ನೋಡಿಕೊಳ್ಳುವ ಸಿದ್ಧಾರ್ಥ್ ಎಂಬಾತ ತೊಲೆಗೆ ಹಣೆ ಬಡಿಸಿಕೊಂಡೇ ಒಳಗೆ ಬಂದು, ಇನ್ನು ಮೇಲೆ ಎಲ್ಲವನ್ನೂ ತಾನು ನೋಡಿಕೊಳ್ಳುವುದಾಗಿ ಹೇಳಿ, ಎರಡು ಕಪ್ ಸುಲೈಮಾನಿ ಚಹಾ ಕುಡಿದು ಹೋದ. ಮನೆಗೇ ಒಂದು ಡ್ರಮ್ ಸೆಟ್ಟು ಬಂತು. ಎರಡು ವರ್ಷದಲ್ಲಿ ದೊಮ್ಮಲೂರಿನ ರೂಮಿನಲ್ಲಿ ಇಪ್ಪತ್ತಮೂರು ಹಾಡು. ಕನ್ನಡ, ಹಿಂದಿ, ತಮಿಳು, ಯಾವುದನ್ನೂ ಬಿಡಲಿಲ್ಲ.

ತೂಬಾಗೆ ಒಂದೇ ಒಂದು ಅನುಮಾನ ಇತ್ತು. ವಿಡಿಯೋದಲ್ಲಿ ತಾನು ಬಾರಿಸಿದ್ದು ಬೇರೆ ಥರ ಕೇಳುತ್ತಿತ್ತು. ರೂಮಿನಲ್ಲಿ ಎರಡನೇ ಚರಣದ ಹತ್ತಿರ ತನ್ನ ಎಡಗೈ ಒಂದು ಕೂದಲಿನಷ್ಟು ಹಿಂದೆ ಬಿದ್ದದ್ದು ಅವಳಿಗೆ ನೆನಪಿರುತ್ತಿತ್ತು. ವಿಡಿಯೋದಲ್ಲಿ ಅದು ಬಿದ್ದೇ ಇರುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ ಅಪ್ಪನನ್ನು ಕೇಳಿದಳು. ಮಂಜೂರ್ ನಕ್ಕು, ಬಾರಿಸುವವನಿಗೆ ತನ್ನ ಡ್ರಮ್ಮು ಯಾವತ್ತೂ ಸರಿಯಾಗಿ ಕೇಳುವುದಿಲ್ಲ, ಎದುರು ನಿಂತವನಿಗೇ ಕೇಳುವುದು ಅಂದ. ಸೈಫ್ ಅದಕ್ಕೆ ಮಿಕ್ಸಿಂಗ್ ಎಂಬ ಮಾತು ಸೇರಿಸಿದ. ಭಾನುವಾರ ರೆಕಾರ್ಡಿಂಗ್, ಸೋಮವಾರ ಮಿಕ್ಸಿಂಗ್. ಸೋಮವಾರ ತೂಬಾಗೆ ಶಾಲೆ. ಅಪ್ಪ ಮಗ ಇಬ್ಬರೇ ದೊಮ್ಮಲೂರಿಗೆ ಹೋಗಿಬರುತ್ತಿದ್ದರು. ಹುಡುಗಿ ನಂಬಿದಳು. ಹೆತ್ತ ಅಪ್ಪನನ್ನು ನಂಬದೆ ಇನ್ನು ಯಾರನ್ನು ನಂಬಬೇಕು? ನಂಬಿ, ತಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಾರಿಸುತ್ತೇನೆ ಎಂದು ಒಳಗೊಳಗೇ ಬೀಗಿದಳು. ಆ ಬೀಗಿದ್ದನ್ನು ನೆನೆದರೆ ಇವತ್ತಿಗೂ ಅವಳಿಗೆ ಕಿವಿ ಬಿಸಿಯಾಗುತ್ತದೆ.

ಹೋದ ವರ್ಷ ಸಿದ್ಧಾರ್ಥ್ ಹೊಸ ಸುದ್ದಿ ತಂದ. ಇಂದಿರಾನಗರದ ಒಂದು ದೊಡ್ಡ ಹಾಲಿನಲ್ಲಿ ಮಕ್ಕಳ ಹಬ್ಬ, ತೂಬಾ ಸ್ಟೇಜಿನ ಮೇಲೆ ಬಾರಿಸಬೇಕು. ಅಲ್ಲಿಯವರೆಗೆ ಯಾಕೋ ಅವಳನ್ನು ಸ್ಟೇಜಿಗೆ ಹತ್ತಿಸಿರಲಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಕೇಳಿದಾಗಲೂ ಕೈ ನೋವು ಎಂದು ಸೈಫ್ ಕಾಗದ ಕೊಟ್ಟುಬಂದಿದ್ದ. ಈಗ ನಿಜವಾದ ಜನ, ಎದುರಿಗೆ. ತೂಬಾ ಹುಚ್ಚೆದ್ದು ಅಭ್ಯಾಸ ಮಾಡಿದಳು. ಮಣಿಕಟ್ಟು ಊದಿ ಫಹ್ಮಿದಾ ದಿನಾ ಎಣ್ಣೆ ತಿಕ್ಕಬೇಕಾಯಿತು. ಫೋನಿನಲ್ಲಿ ಲಕ್ಷ ಜನ ನೋಡಿದ್ದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ತನ್ನ ಪೆಟ್ಟು ಹೋಗಿ ಒಬ್ಬರ ಎದೆಗೆ ತಾಗುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಹಬ್ಬಕ್ಕೆ ಐದು ದಿನ ಮುಂಚೆ ಅಪ್ಪ ಮರೆತುಹೋದ ಊಟದ ಡಬ್ಬಿ ಹಿಡಿದು ತೂಬಾ ಬ್ಯಾಂಡ್ ಆಫೀಸಿಗೆ ಹೋದಳು. ಆಫೀಸು ಎಂದರೆ ಒಂದು ಮಳಿಗೆ. ಗೋಡೆ ತುಂಬ ಕೆಂಪು ಕೋಟು, ಮೂಲೆಯಲ್ಲಿ ಟ್ರಂಪೆಟ್ಟು. ಮಂಜೂರ್ ಹೊರಗೆ ಹೋಗಿದ್ದ. ಕ್ಲಾರಿನೆಟ್ ನುಡಿಸುವ ಹಸನ್ ಚಾಚಾ ಒಬ್ಬನೇ ಬೆಂಚಿನ ಮೇಲೆ ಫೋನು ಹಿಡಿದು ಕೂತಿದ್ದ. ಮಂಜೂರನ ಜೊತೆ ಇಪ್ಪತ್ತೈದು ವರ್ಷ ನಡೆದ ಮನುಷ್ಯ, ಕಪಟ ಗೊತ್ತಿಲ್ಲ, ಬಾಯಿಗೆ ಬೀಗವೂ ಇಲ್ಲ. ತೂಬಾಳನ್ನು ಪಕ್ಕಕ್ಕೆ ಕರೆದು ಅವಳದೇ ಹೊಸ ವಿಡಿಯೋ ತೋರಿಸಿದ. ಹಾಡು ಮುಗಿಯುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ, ಹಿಂದಕ್ಕೆ ಎಳೆದು, ಫೋನನ್ನು ಅವಳ ಕಿವಿಗೆ ಹಿಡಿದ. ಟಕ್ ಟಕ್ ಟಕ್ ಎಂದು ಡ್ರಮ್ಮಿನ ಅಂಚಿನ ಮೇಲೆ ಮೂರು ಒಣ ಪೆಟ್ಟು.

ಮದುವೆ ಮೆರವಣಿಗೆಯಲ್ಲಿ ನಡೆದವರಿಗೆ ಅದು ಗೊತ್ತಿರುತ್ತದೆ. ಕುಣಿಯುವವರ ಗದ್ದಲದಲ್ಲಿ ಹಿಂದಿನ ಊದುವವರಿಗೆ ಮುಂದೆ ಏನಿದೆ ಕಾಣುವುದಿಲ್ಲ. ಶಾದಿ ಮಹಲಿನ ಗೇಟು ಕಂಡ ಕೂಡಲೇ ಮುಂದಿರುವ ಸೈಡ್ ಡ್ರಮ್ಮಿನವನು ಅಂಚಿನ ಮೇಲೆ ಮೂರು ಪೆಟ್ಟು ಹಾಕುತ್ತಾನೆ. ಅದು ಕೇಳಿಸಿತೋ, ಎಲ್ಲರೂ ಒಂದೇ ಉಸಿರಿಗೆ ಹಾಡು ಮುಗಿಸಲು ತಯಾರಾಗುತ್ತಾರೆ. ಮೂವತ್ತು ವರ್ಷ ಹಾಕಿ ಹಾಕಿ ಮಂಜೂರನ ಕೈಗೆ ಅದು ಅಂಟಿಕೊಂಡಿತ್ತು. ಯಾವ ಹಾಡಾದರೂ ಸರಿ, ಮುಗಿಯುವ ಮುಂಚೆ ಗೇಟಿರಲಿ ಬಿಡಲಿ, ಅವನಿಗೆ ತಿಳಿಯದೆಯೇ ಆ ಮೂರು ಪೆಟ್ಟು ಬಿದ್ದುಬಿಡುತ್ತಿದ್ದವು. ಸ್ಪಂಜಿನ ರೂಮಿನಲ್ಲಿ ಒಬ್ಬನೇ ಕೂತಾಗಲೂ ಬಿದ್ದಿದ್ದವು.

"ನೋಡಮ್ಮಾ, ಏಸಿ ರೂಮಲ್ಲೂ ಮಂಜೂರ್ ಭಾಯ್‌ಗೆ ಶಾದಿ ಮಹಲ್ ಗೇಟು ಕಾಣಿಸ್ತದೆ," ಎಂದು ಹಸನ್ ಚಾಚಾ ಹೊಟ್ಟೆ ಹಿಡಿದು ನಕ್ಕ.

ನಾನೇ ಬಾರಿಸಿದ್ದು ಚಾಚಾ, ಅಂದಳು ತೂಬಾ. ಹಸನ್ ಚಾಚಾನ ನಗು ನಿಂತಿತು. ಫೋನನ್ನು ಜೇಬಿಗೆ ಹಾಕಿಕೊಂಡು, ಹೌದು ಹೌದು, ನೀನೇ, ಮಗಳಿಗೂ ಅಪ್ಪನ ಕೈಯೇ ಬಂದಿದೆ ಎಂದು ತಡಬಡಾಯಿಸಿ, ಇಲ್ಲದ ಕೆಲಸ ನೆನಪು ಮಾಡಿಕೊಂಡು ಎದ್ದುಹೋದ. ಅವಳು ಡಬ್ಬಿ ಹಿಡಿದು ನಿಂತೇ ಇದ್ದಳು. ಆ ಮೂರು ಪೆಟ್ಟನ್ನು ಅಬ್ಬಾ ಅವಳಿಗೆ ಕಲಿಸಿಯೇ ಇರಲಿಲ್ಲ. ಮೆರವಣಿಗೆಯಲ್ಲಿ ನಡೆಯದವಳಿಗೆ ಅದು ಯಾಕೆ ಬೇಕು ಎಂದು ಕಲಿಸಿರಲಿಲ್ಲ.

ಮನೆಗೆ ಬಂದು ಸೈಫನ ಹಳೇ ಫೋನು ತೆಗೆದುಕೊಂಡು ಪಾಯಿಖಾನೆಯಲ್ಲಿ ಚಿಲಕ ಹಾಕಿ ಕೂತಳು. ಒಂದೊಂದೇ ಹಾಡಿನ ಕೊನೆ ಕೇಳಿದಳು. ಕೆಲವದರಲ್ಲಿ ಪೆಟ್ಟು ಜೋರು, ಕೆಲವದರಲ್ಲಿ ಹಾಡಿನ ಅಡಿಯಲ್ಲಿ ಮುಚ್ಚಿಹೋಗಿತ್ತು, ಆದರೆ ಇತ್ತು. ಆ ಜಾಗಕ್ಕೆ ಸರಿಯಾಗಿ ಪ್ರತಿಯೊಂದರಲ್ಲೂ ಅವಳ ಮುಖವನ್ನು ದೊಡ್ಡದಾಗಿ ತೋರಿಸಿದ್ದರು, ನಗುತ್ತಿರುವ ಮುಖ. ಕೈ ಕಾಣುತ್ತಿರಲಿಲ್ಲ. ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು ಕೇಳುವ ಹೊತ್ತಿಗೆ ಹೊರಗಿನಿಂದ ಫಹ್ಮಿದಾ ಬಾಗಿಲು ಬಡಿದಳು.

ತೂಬಾ ಹೊರಗೆ ಬಂದು ತಾಯಿಯನ್ನು ನೇರವಾಗಿ ಕೇಳಲಿಲ್ಲ. ಸೋಮವಾರ ಮಿಕ್ಸಿಂಗ್‌ನಲ್ಲಿ ಅಬ್ಬಾ ಏನು ಮಾಡ್ತಾರೆ ಅಮ್ಮಿ ಎಂದು ಮಾತ್ರ ಕೇಳಿದಳು. ಅಕ್ಕಿ ಆರಿಸುತ್ತಿದ್ದ ಫಹ್ಮಿದಾ ಕೈ ನಿಲ್ಲಿಸಿ, "ಯಾರಾದ್ರೂ ಏನಾದ್ರೂ ಹೇಳಿದ್ರಾ?" ಅಂದಳು.

ಉತ್ತರ ಅಲ್ಲೇ ಸಿಕ್ಕಿಹೋಯಿತು. ಅಮ್ಮಿಗೂ ಗೊತ್ತು. ಸೈಫನಿಗೆ ಗೊತ್ತು, ಸಿದ್ಧಾರ್ಥನಿಗೆ ಗೊತ್ತು, ಅಮ್ಮಿಗೂ ಗೊತ್ತು. ದಿನಾ ರಾತ್ರಿ ಊದಿದ ಮಣಿಕಟ್ಟಿಗೆ ಎಣ್ಣೆ ತಿಕ್ಕಿದವಳು ಇದೇ ಅಮ್ಮಿ, ಈ ಕೈಯ ಕೆಲಸ ಯಾರಿಗೂ ಬೇಕಾಗಿಲ್ಲ ಎಂದು ಗೊತ್ತಿದ್ದೇ ತಿಕ್ಕಿದವಳು. ಆ ಮನೆಯಲ್ಲಿ ಗೊತ್ತಿಲ್ಲದೆ ಇದ್ದದ್ದು ತೂಬಾ ಒಬ್ಬಳಿಗೇ. ಹುಡುಗಿ ಅಳಲಿಲ್ಲ. ಯಾರೂ ಏನೂ ಹೇಳಿಲ್ಲ ಎಂದು ಹೇಳಿ ಅಕ್ಕಿಯ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

ಒಂದು ಆಸೆ ಇನ್ನೂ ಉಳಿದಿತ್ತು. ವಿಡಿಯೋ ಏನಾದರೂ ಆಗಲಿ, ಸ್ಟೇಜಿನ ಮೇಲೆ ಯಾರೂ ಬದಲಿಸಲು ಆಗುವುದಿಲ್ಲವಲ್ಲ. ಅಲ್ಲಿ ಕಡ್ಡಿ ಹಿಡಿದವಳು ತಾನೇ, ಕೇಳಿಸುವುದೂ ತನ್ನದೇ. ಐದು ದಿನ ಆ ಆಸೆ ಹಿಡಿದುಕೊಂಡು ಅವಳು ಅಪ್ಪನ ಎದುರು ಕೂತು ಊಟ ಮಾಡಿದಳು, ಅವನು ಹೇಳಿದ ಹಾಗೆ ಬಾರಿಸಿದಳು, ಸುಬಾನಲ್ಲಾ ಎಂದು ಅವನು ತಲೆ ಸವರಿದಾಗ ಸುಮ್ಮನಿದ್ದಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹಬ್ಬದ ಹಾಲ್ ಜನರಿಂದ ತುಂಬಿತ್ತು. ಹಣೆಗೆ, ಕೆನ್ನೆಗೆ ಬಣ್ಣ ಬಳಿದುಕೊಂಡ ಮಕ್ಕಳು, ಕೈಯಲ್ಲಿ ಪಾಪ್‌ಕಾರ್ನ್ ಹಿಡಿದ ಅಪ್ಪ ಅಮ್ಮಂದಿರು. ಪರದೆಯ ಹಿಂದೆ ಇಟ್ಟಿದ್ದ ಡ್ರಮ್ ಸೆಟ್ಟನ್ನು ತೂಬಾ ಹತ್ತಿರ ಹೋಗಿ ಬೆರಳಿನಿಂದ ಒತ್ತಿ ನೋಡಿದಳು. ಅದು ಮಾಮೂಲಿ ಡ್ರಮ್ಮಲ್ಲ, ಕರೆಂಟಿನದು. ರಬ್ಬರಿನ ತಟ್ಟೆಗಳು, ಒಂದೊಂದಕ್ಕೂ ಒಂದು ವೈರು. ಬಾರಿಸಿದರೆ ದಿಂಬು ತಟ್ಟಿದಷ್ಟೇ ಸದ್ದು. ನಿಜವಾದ ಸದ್ದು ವೈರಿನಲ್ಲಿ ಹೋಗಿ ಸ್ಪೀಕರಿನಿಂದ ಹೊರಗೆ ಬರಬೇಕು. ಅವಳ ತಲೆಗೆ ದಪ್ಪ ಹೆಡ್‌ಫೋನು ಹಾಕಿದರು. ತಟ್ಟಿ ನೋಡಿದಳು. ಹೆಡ್‌ಫೋನಿನಲ್ಲಿ ಚೆನ್ನಾಗಿಯೇ ಕೇಳಿಸಿತು. ಹಾಲಿನಲ್ಲೂ ಕೇಳುತ್ತದಾ ಎಂದು ಸಿದ್ಧಾರ್ಥನನ್ನು ಕೇಳಿದಳು. ಎಲ್ಲಾ ಸೆಟ್ ಇದೆ ಪುಟ್ಟಾ, ನೀನು ಆರಾಮಾಗಿ ಸ್ಮೈಲ್ ಮಾಡು, ಅಂದ ಅವನು.

ಪರದೆ ಎದ್ದಿತು. ಹಾಡು ಶುರುವಾಯಿತು. ತೂಬಾ ಬಾರಿಸಿದಳು, ಎಂದೂ ಬಾರಿಸದ ಹಾಗೆ ಬಾರಿಸಿದಳು. ಮೊದಲ ಚರಣ ಮುಗಿದು ಜನ ಕೂಗಿದರು. ಇವರು ಕೇಳುತ್ತಿರುವುದು ನನ್ನನ್ನೇ ಎಂದು ಒಂದು ಕ್ಷಣ, ಒಂದೇ ಕ್ಷಣ, ನಂಬಿದಳು. ಆಮೇಲೆ ಬೇಕೆಂದೇ ಎಡಗೈಯಿಂದ ಒಂದು ತಪ್ಪು ಪೆಟ್ಟು ಹಾಕಿದಳು, ದೊಡ್ಡದಾಗಿ, ಕಿವುಡರಿಗೂ ಕೇಳಿಸುವ ಹಾಗೆ. ಹೆಡ್‌ಫೋನಿನಲ್ಲಿ ಅದು ಧಡಾರೆಂದಿತು. ಎದುರಿಗೆ ಕೂತ ಒಬ್ಬರ ಮುಖವೂ ಅಲುಗಲಿಲ್ಲ.

ಅವಳು ಹೆಡ್‌ಫೋನು ತೆಗೆದು ಕುತ್ತಿಗೆಗೆ ಇಳಿಸಿಕೊಂಡಳು. ಹಾಲಿನ ತುಂಬ ಅಬ್ಬಾ ಬಾರಿಸುತ್ತಿದ್ದ. ಅದೇ ಉರುಳು, ಅದೇ ಒತ್ತು, ಎಲ್ಲೂ ಒಂದು ಕೂದಲಿನಷ್ಟೂ ಹಿಂದೆ ಬೀಳದ ಕೈ. ತೂಬಾ ಕಡ್ಡಿ ಎರಡನ್ನೂ ತೊಡೆಯ ಮೇಲೆ ಇಟ್ಟಳು. ಡ್ರಮ್ಮು ನಿಲ್ಲಲಿಲ್ಲ. ಖಾಲಿ ಕೈಯನ್ನು ಎತ್ತಿ ಜನಕ್ಕೆ ತೋರಿಸಿದಳು. ನೋಡಿ, ನಾನಲ್ಲ ಎಂದು ತೋರಿಸಿದ್ದು. ಜನ ಒಂದು ಗಳಿಗೆ ಬೆಪ್ಪಾಗಿ, ಆಮೇಲೆ ಹೋ ಎಂದು ಎದ್ದು ನಿಂತು ತಾಳಕ್ಕೆ ಸರಿಯಾಗಿ ಚಪ್ಪಾಳೆ ಹೊಡೆಯತೊಡಗಿದರು. ಮೈಕ್ ಹಿಡಿದ ಹುಡುಗಿ, ಏನ್ ಸ್ಟೈಲ್ ಅಲ್ವಾ ನಮ್ಮ ತೂಬಾದು ಎಂದು ಅರಚಿದಳು. ಅಯ್ಯೋ ಪೆದ್ದು ಜನರೇ, ಕಣ್ಣೆದುರೇ ಕಳ್ಳತನ ತೋರಿಸಿದರೂ ಅದನ್ನು ಮ್ಯಾಜಿಕ್ ಅಂದುಕೊಂಡಿರಲ್ಲ!

ತೂಬಾ ಸ್ಟೇಜಿನ ಪಕ್ಕಕ್ಕೆ ತಿರುಗಿದಳು. ಅಬ್ಬಾ ಗಾಬರಿಯಾಗಿರುತ್ತಾನೆ, ತನ್ನನ್ನೇ ನೋಡುತ್ತಿರುತ್ತಾನೆ ಎಂದುಕೊಂಡಿದ್ದಳು. ಸೈಫ್ ಗಾಬರಿಯಾಗಿದ್ದ, ಸಿದ್ಧಾರ್ಥ್ ಕೈ ಬೀಸಿ ಬಾರಿಸು ಬಾರಿಸು ಅನ್ನುತ್ತಿದ್ದ. ಮಂಜೂರ್ ಕಣ್ಣು ಮುಚ್ಚಿಕೊಂಡಿದ್ದ. ಎರಡೂ ಕೈಯ ಬೆರಳು ಪ್ಯಾಂಟಿನ ಹೊಲಿಗೆಯ ಮೇಲೆ ಆಡುತ್ತಿದ್ದವು. ಅಷ್ಟು ದೊಡ್ಡ ಸ್ಪೀಕರಿನಲ್ಲಿ, ಎದ್ದು ನಿಂತ ಅಷ್ಟು ಜನರ ಚಪ್ಪಾಳೆಯ ನಡುವೆ, ಅವನು ತನ್ನನ್ನು ತಾನು ಕೇಳುತ್ತಿದ್ದ. ಅಪ್ಪನ ಮುಖದಲ್ಲಿ ಅಂಥ ಸುಖವನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಬಣ್ಣದ ಬಕೆಟ್ಟಿನ ದಿನಗಳಲ್ಲೂ ಕಂಡಿರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಸಂಘಟಕರು ಕೊಟ್ಟ ಬಿರಿಯಾನಿ ಪೊಟ್ಟಣಗಳನ್ನು ಫಹ್ಮಿದಾ ತಟ್ಟೆಗೆ ಹಾಕಿದಳು, ಯಾರೂ ಮುಟ್ಟಲಿಲ್ಲ. ಸಿದ್ಧಾರ್ಥ್ ಆಗಲೇ ಫೋನು ಮಾಡಿ, ಕೈ ಎತ್ತಿದ ಐಡಿಯಾ ಸಖತ್ತಾಗಿತ್ತು, ಅದರ ತುಣುಕು ಹಾಕುತ್ತಿದ್ದೇನೆ ಎಂದು ಹೇಳಿದ್ದ. ತೂಬಾ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಹೇಳಿದಳು, ಹಸನ್ ಚಾಚಾನ ಹೆಸರೊಂದನ್ನು ಬಿಟ್ಟು. ಸೈಫ್ ಮೊದಲು ಮಿಕ್ಸಿಂಗ್ ಅಂದ. ತಂಗಿಯ ಮುಖ ನೋಡಿ ಆ ಮಾತು ಬಿಟ್ಟ. ಎರಡನೇ ವಿಡಿಯೋದ ದಿನ ಒಂದು ಮೈಕು ಕೈಕೊಟ್ಟಿತ್ತು, ಅವಳು ಬಾರಿಸಿದ್ದರಲ್ಲಿ ಅರ್ಧ ರೆಕಾರ್ಡೇ ಆಗಿರಲಿಲ್ಲ. ಅವಳು ಜ್ವರ ಬಂದು ಮಲಗಿದ್ದಳು, ಶುಕ್ರವಾರ ಹಾಕುತ್ತೇವೆ ಎಂದು ಹೇಳಿಯಾಗಿತ್ತು, ಅದಕ್ಕೆ ಅಬ್ಬಾ ಕೂತು ಬಾರಿಸಿಕೊಟ್ಟರು ಎಂದು ತಲೆ ತಗ್ಗಿಸಿಕೊಂಡು ಹೇಳಿದ. ಆರು ಲಕ್ಷ ಜನ ನೋಡಿಬಿಟ್ಟರು. ಆಮೇಲೆ ಹಿಂದಕ್ಕೆ ಹೋಗಲು ಆಗಲಿಲ್ಲ.

ಹಾಗಾದರೆ ನಾನು ಬಾರಿಸಿದ್ದನ್ನು ಕೊಡು, ಅಂದಳು ತೂಬಾ. ಮೈಕು ಕೈಕೊಟ್ಟದ್ದು ಬಿಟ್ಟು ಉಳಿದ ಇಪ್ಪತ್ತೆರಡೂ. ಪ್ರತಿ ಭಾನುವಾರ ನಾಲ್ಕು ಮೈಕಿನ ಮುಂದೆ ಬಾರಿಸಿದೆನಲ್ಲ, ಅವು.

ಸೈಫ್ ಫೋನನ್ನು ಕೈಯಲ್ಲಿ ತಿರುಗಿಸಿದ. "ಇಲ್ಲ ತೂಬಾ. ಫೋನ್ ಫುಲ್ ಆಗ್ತಿತ್ತು. ಡಿಲೀಟ್ ಮಾಡ್ಬಿಡ್ತಿದ್ದೆ."

ಟೆರೇಸಿನಲ್ಲಿ ಬಾರಿಸಿದ ಮೊದಲನೆಯದು? ಅದು ಚಾನೆಲ್ಲಿಗೆ ಒಪ್ಪುವುದಿಲ್ಲ ಎಂದು ಸಿದ್ಧಾರ್ಥ್ ತೆಗೆಸಿ ವರ್ಷವಾಗಿತ್ತು. ಎರಡು ವರ್ಷ ಊದಿದ ಕೈಯಲ್ಲಿ ಹುಡುಗಿ ಬಾರಿಸಿದ್ದು, ಒಂದು ಪೆಟ್ಟೂ, ಎಲ್ಲೂ ಇರಲಿಲ್ಲ. ದ್ವೇಷಕ್ಕೆ ಅಳಿಸಿದ್ದರೆ ಒಂದು ಮಾತು. ಜಾಗ ಸಾಲದು ಎಂದು ಅಳಿಸಿದ್ದರು.

ತೂಬಾ ಅಪ್ಪನ ಕಡೆ ತಿರುಗಿದಳು. ಅವಳಿಗೆ ಇನ್ನು ಒಂದೇ ಪ್ರಶ್ನೆ ಉಳಿದಿತ್ತು.

"ನಾನು ಚೆನ್ನಾಗಿ ಬಾರಿಸ್ತಿರ್ಲಿಲ್ವಾ ಅಬ್ಬಾ?"

ಮಂಜೂರ್ ಏನು ಬೇಕಾದರೂ ಹೇಳಬಹುದಿತ್ತು. ಇನ್ನೂ ಸ್ವಲ್ಪ ಕಲಿಯಬೇಕಿತ್ತು ಬೇಟಾ, ನಿನ್ನನ್ನು ಯಾರೂ ಆಡಿಕೊಳ್ಳಬಾರದು ಎಂದು ಮಾಡಿದೆ ಎಂದಿದ್ದರೆ, ಅವಳು ಒಂದು ವಾರ ಅತ್ತು ಕ್ಷಮಿಸಿಬಿಡುತ್ತಿದ್ದಳು. ಆದರೆ ಆ ಮನುಷ್ಯ ಬೇರೆ ಯಾವುದರಲ್ಲಿ ಸುಳ್ಳು ಹೇಳಿದರೂ ಕೈಯ ವಿಷಯದಲ್ಲಿ ಹೇಳಲಾರ.

"ಚೆನ್ನಾಗೇ ಬಾರಿಸ್ತಿದ್ದೆ. ಹಾಗೇ ಹಾಕಿದ್ರೂ ನಡೀತಿತ್ತು."

"ಮತ್ತೆ ಕೈಕು ಅಬ್ಬಾ? ಯಾಕೆ?"

ಮಂಜೂರ್ ಮೊಳೆಗೆ ನೇತುಹಾಕಿದ್ದ ಕೆಂಪು ಕೋಟಿನ ಕಡೆ ನೋಡಿದ. ಮೂವತ್ತು ವರ್ಷ ಬಾರಿಸಿದೀನಿ, ಅಂದ. ಒಬ್ಬರೂ ನಿಂತು ಕೇಳಲಿಲ್ಲ. ನನ್ನ ಮುಖ ಹಾಕಿದರೆ ಯಾರು ನೋಡುತ್ತಾರೆ? ನಿನ್ನ ಮುಖ ಹಾಕಿದರೆ ಆರು ಲಕ್ಷ ಜನ ಕೇಳಿದರು. ಆಮೇಲೆ ಅದು ಬೇಕು ಬೇಕು ಅನ್ನಿಸಿತು. ಇಷ್ಟು ಹೇಳಿ ಬಿರಿಯಾನಿ ತಟ್ಟೆ ಎಳೆದುಕೊಂಡು ಉಣ್ಣಲು ಕೂತ. ತೂಬಾ ಅವತ್ತು ಮೊದಲ ಸಲ ಅತ್ತಳು. ಅಬ್ಬಾನ ಬದಲು ಬೇರೆ ಯಾರೇ ಆಗಿದ್ದರೂ ಅವಳು ಬೈಯುತ್ತಿದ್ದಳು, ಕಡ್ಡಿ ತೆಗೆದು ಬಿಸಾಡುತ್ತಿದ್ದಳು. ಅವಳಿಗೆ ಕಡ್ಡಿ ಹಿಡಿಯುವುದು ಕಲಿಸಿದವನೇ ಅವಳ ಕೈಯನ್ನು ಅಡ್ಡ ಇಟ್ಟುಕೊಂಡು ಹಿಂದೆ ಕೂತು ಬಾರಿಸಿದ್ದ. ಇದಕ್ಕೆ ಏನು ಬೈಗುಳ ಇದೆ?

ಅವಳು ಮತ್ತೆ ಡ್ರಮ್ ಮುಂದೆ ಕೂರಲಿಲ್ಲ. ಸಿದ್ಧಾರ್ಥ್ ಎರಡು ಸಲ ಬಂದು ಹೋದ, ಮೂರನೇ ಸಲ ಡ್ರಮ್ ಸೆಟ್ಟನ್ನು ಟೆಂಪೋಗೆ ಹಾಕಿಕೊಂಡು ಹೋದ. ಕೈ ಎತ್ತಿದ ತುಣುಕನ್ನು ಮಾತ್ರ ಜನ ನೋಡುತ್ತಲೇ ಇದ್ದರು. ಅವಳ ವಿಡಿಯೋಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದೇ, ಅವಳು ಬಾರಿಸದೆ ಕೂತದ್ದು. ಫಹ್ಮಿದಾ ಮಗಳ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, ಈ ವಿಷಯ ಹೊರಗೆ ಯಾರಿಗೂ ಹೇಳಬಾರದು, ಅಬ್ಬಾನ ಇಜ್ಜತ್ತು ಹೋಗುತ್ತದೆ ಎಂದು ಮಾತು ತೆಗೆದುಕೊಂಡಳು. ಮಗಳ ಇಜ್ಜತ್ತಿನ ಮಾತು ಅಲ್ಲಿ ಬರಲೇ ಇಲ್ಲ. ಮೂರು ತಿಂಗಳು ತೂಬಾ ಆ ಮಾತು ಉಳಿಸಿಕೊಂಡಳು. ಪಕ್ಕದ ಬೆಂಚಿನ ಶಿರೀನ್ ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ.

ಈದ್ ಹತ್ತಿರ ಬಂತು. ಒಂದು ಸಂಜೆ ಮಂಜೂರ್ ಮಗಳನ್ನು ಬಟ್ಟೆಗೆಂದು ಕಮರ್ಷಿಯಲ್ ಸ್ಟ್ರೀಟಿಗೆ ಕರೆದುಕೊಂಡು ಹೋದ. ಅವನು ಆರಿಸಿದ್ದಕ್ಕೆಲ್ಲ ಅವಳು ಹೂಂ ಅಂದಳು. ಬಳೆ ಅಂಗಡಿಯ ಮುಂದೆ ಒಬ್ಬ ಹೆಂಗಸು, ಜೊತೆಗೆ ತೂಬಾಳ ವಯಸ್ಸಿನದೇ ಮಗಳು, ಇಬ್ಬರೂ ನಿಂತು ಇವಳನ್ನೇ ದಿಟ್ಟಿಸಿದರು. ಡ್ರಮ್ ತೂಬಾ ಅಲ್ವಾ ನೀನು ಎಂದು ಹೆಂಗಸು ಹತ್ತಿರ ಬಂದಳು. ಮನೆಯಲ್ಲಿ ಎಲ್ಲರೂ ಅವಳ ಫ್ಯಾನ್ ಅಂತೆ, ಮಗಳಂತೂ ಅವಳನ್ನು ನೋಡಿಯೇ ಡ್ರಮ್ ಕ್ಲಾಸಿಗೆ ಸೇರಿದ್ದಾಳಂತೆ. ಆ ಹುಡುಗಿ ತೂಬಾಳ ಕೈಯನ್ನು ಮೆಲ್ಲಗೆ ಮುಟ್ಟಿ ನೋಡಿದಳು. ಅದಾದ ಮೇಲೆ ತೂಬಾಗೆ ತಡೆಯಲಾಗಲಿಲ್ಲ. ಅಮ್ಮಿಗೆ ಕೊಟ್ಟ ಮಾತು, ಆಣೆ, ಎಲ್ಲ ಒಟ್ಟಿಗೆ ಕಿತ್ತುಕೊಂಡು ಹೋಯಿತು.

"ಅದು ನಾನು ಬಾರಿಸಿದ್ದಲ್ಲ ಆಂಟಿ. ಎಲ್ಲಾ ನಮ್ಮ ಅಬ್ಬಾನೇ ಬಾರಿಸಿರೋದು. ನಾನು ಸುಮ್ನೆ ಕೂತಿದ್ದೆ."

ಹೆಂಗಸು ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳ ಕಣ್ಣು ಒದ್ದೆಯಾಯಿತು. ಮಗಳ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ಇಷ್ಟು ಹೆಸರು ಮಾಡಿದ್ರೂ ಎಲ್ಲಾ ಅಪ್ಪಂದೇ ಅಂತಾಳೆ. ನೋಡಿ ಕಲಿ," ಅಂದಳು. ಆಮೇಲೆ ಮಂಜೂರನ ಕಡೆ ತಿರುಗಿ, ಇಂಥ ಮಗಳನ್ನು ಪಡೆಯೋಕೆ ಪುಣ್ಯ ಮಾಡಿರಬೇಕು ರೀ ನೀವು, ಅಂದಳು.

ತೂಬಾ ಅಪ್ಪನ ಮುಖ ನೋಡಿದಳು. ಇಲ್ಲಿ ಸಂಘಟಕರಿಲ್ಲ, ಸಿದ್ಧಾರ್ಥ್ ಇಲ್ಲ, ಗುರುತಿಲ್ಲದ ಒಬ್ಬ ತಾಯಿ, ಒಬ್ಬ ಮಗಳು ಅಷ್ಟೇ. ಹೌದಮ್ಮಾ, ಇವಳು ಹೇಳಿದ್ದು ನಿಜ ಎಂದು ಒಂದು ಮಾತು ಅಂದರೆ ಸಾಕಿತ್ತು. ಅವಳು ಕಾದಳು. ಮಂಜೂರ್ ಬಟ್ಟೆಯ ಚೀಲಗಳನ್ನು ಬಲಗೈಯಿಂದ ಎಡಗೈಗೆ ಬದಲಾ­ಯಿಸಿಕೊಂಡ. ಬಲಗೈಯನ್ನು ಎದೆಗೆ ಒತ್ತಿ, ತಲೆ ಸ್ವಲ್ಪ ಬಾಗಿಸಿದ.

"ಶುಕ್ರಿಯಾ ಅಮ್ಮಾ," ಅಂದ.